ಯಾವ ಮನೆತನದ ಪರಿಮಳ?

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೊಂದಿದೆ. 6ನೇ ಶತಮಾನದ ಈ ಜ್ಯೋತಿಷಿ ಸುಗಂಧ ಕೂಡಿಸುವುದನ್ನೂ ಲೆಕ್ಕಕ್ಕೆ ಇಳಿಸಿಬಿಡುತ್ತಾನೆ. 16 ದ್ರವ್ಯಗಳನ್ನಿಟ್ಟುಕೊಂಡು ನಾಲ್ಕು ನಾಲ್ಕರಂತೆ ಆರಿಸಿದರೆ 1820 ಗುಂಪುಗಳಾಗುತ್ತವೆ. ಒಂದೊಂದು ಗುಂಪಿಗೂ 96 ಭೇದ. ಗುಣಿಸಿದರೆ 1,74,720 ಸುಗಂಧಗಳು! ಬರೀ 16 ದ್ರವ್ಯಕ್ಕೇ ಈ ಲೆಕ್ಕ. ಇವತ್ತು ಪರ್ಫ್ಯೂಮ್ ಮಾಡುವವರ ಕೈಗೆ ಸಿಗುವ ಎಣ್ಣೆ, ರಾಳ, ರಾಸಾಯನಿಕಗಳು ಸಾವಿರಗಟ್ಟಲೆ ಇವೆ. ಎಲ್ಲವನ್ನೂ ಬೆರೆಸಿ ನೋಡಿಯೇ ತೀರುತ್ತೇನೆ ಎಂದು ಹೊರಟವರ ದುಡ್ಡು ಮೊದಲು ಮುಗಿಯುತ್ತದೆ, ಆಮೇಲೆ ಉತ್ಸಾಹ.

ಈ ಕಾಡಿನಲ್ಲಿ ದಾರಿ ತೋರಿಸುವುದಕ್ಕೇ ಫ್ರಾಗ್ರೆನ್ಸ್ ಫ್ಯಾಮಿಲಿಗಳಿರುವುದು. ಇಲ್ಲಿ ಅವನ್ನು ಮನೆತನಗಳು ಎನ್ನೋಣ. ಅಂಗಡಿಯವರಿಗೆ ಮನೆತನವೆಂದರೆ ಬಾಟಲಿಗಳನ್ನು ಸಾಲಾಗಿ ಜೋಡಿಸುವ ಅನುಕೂಲ, ಅಷ್ಟೆ. ತಯಾರಿಸುವವರಿಗೆ ಅದರ ಉಪಯೋಗ ಬೇರೆ. ಪರ್ಫ್ಯೂಮ್ ಮುಗಿದ ಮೇಲೆ ಅಂಟಿಸುವ ಚೀಟಿಯಾಗಿ ಅಲ್ಲ, ಮೊದಲ ಹನಿ ಹಾಕುವ ಮುಂಚೆ ಮಾಡಿಕೊಳ್ಳುವ ನಿರ್ಧಾರವಾಗಿ ಅದು ಬೇಕು. ಏನು ಹಾಕಬೇಕು ಎನ್ನುವುದಕ್ಕಿಂತ ಏನನ್ನು ಹಾಕಬಾರದು ಎಂದು ಅದು ಹೇಳಿಕೊಡುತ್ತದೆ. ಮನೆಯಲ್ಲೇ ಅತ್ತರು ಕೂಡಿಸುವ ಹವ್ಯಾಸಿಗಳಿಗೂ, ಸಣ್ಣ ಬ್ರ್ಯಾಂಡ್ ಕಟ್ಟಲು ಹೊರಟವರಿಗೂ, ಊದುಬತ್ತಿ ಸೋಪುಗಳಿಗೆ ಹೊಸ ಪರಿಮಳ ಹುಡುಕುವವರಿಗೂ ಈ ದಾರಿ ಒಂದೇ.

ಹೆಸರಿನ ಹಿಂದೆ ಒಂದು ಅಸ್ಥಿಪಂಜರ

ಪ್ರತಿ ಮನೆತನಕ್ಕೂ ಒಂದು ಅಸ್ಥಿಪಂಜರವಿದೆ. ಮೂರೋ ನಾಲ್ಕೋ ದ್ರವ್ಯಗಳು ಸೇರಿ ಒಂದೇ ವಾಸನೆಯಂತೆ ಅನ್ನಿಸುವ ಕೂಟ ಅದು. ತಯಾರಕರು ಇದನ್ನು ಅಕಾರ್ಡ್ ಎನ್ನುತ್ತಾರೆ.

1882ರಲ್ಲಿ ಊಬಿಗಾನ್ ಸಂಸ್ಥೆಗಾಗಿ ಪಾಲ್ ಪಾರ್ಕೆ ಮಾಡಿದ 'ಫೂಜೇರ್ ರೋಯಾಲ್' ಅನ್ನೇ ನೋಡಿ. ಫೂಜೇರ್ ಎಂದರೆ ಜರೀಗಿಡ. ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವೇನೂ ಇಲ್ಲ. ಪಾರ್ಕೆ ಲ್ಯಾವೆಂಡರ್, ಓಕ್‌ಮಾಸ್ ಎಂಬ ಮರದ ಕಲ್ಲುಹೂವು (ಲೈಕನ್), ಒಣಹುಲ್ಲಿನ ಸಿಹಿಯಿರುವ ಕೌಮರಿನ್ ಇವನ್ನು ಕೂಡಿಸಿ ಕಾಡಿನ ನೆರಳಿಗೊಂದು ವಾಸನೆ ಕಲ್ಪಿಸಿದ. ಕೌಮರಿನ್ನನ್ನು ವಿಲಿಯಂ ಪರ್ಕಿನ್ 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ್ದರಿಂದಲೇ ಇದು ಸಾಧ್ಯವಾಯಿತು. ಇವತ್ತಿಗೂ ಗಂಡಸರ ಶೇವಿಂಗ್ ಲೋಶನ್ನುಗಳಲ್ಲಿ ಈ ಮನೆತನದ್ದೇ ಕಾರುಬಾರು.

1917ರಲ್ಲಿ ಫ್ರಾನ್ಸ್ವಾ ಕೋಟಿ 'ಶೀಪ್ರ್' ತಂದ. ಮೇಲೆ ಹುಳಿಯಾದ ಬರ್ಗಮಾಟ್, ಕೆಳಗೆ ಓಕ್‌ಮಾಸ್, ಲ್ಯಾಬ್ಡನಮ್ ರಾಳ ಮತ್ತು ಪಚೌಲಿ. ಬೆಳಕು ಮತ್ತು ನೆರಳಿನ ಈ ಜಗಳವೇ ಶೀಪ್ರ್ ಮನೆತನದ ಗುರುತು. ಗೆರ್ಲಾನ್ ಮನೆಯ 'ಶಾಲಿಮಾರ್' 1925ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಬರ್ಗಮಾಟ್ ಧಾರಾಳವಾಗಿದೆ, ಆದರೆ ಅಡಿಯಲ್ಲಿ ವೆನಿಲಾ ಮತ್ತು ರಾಳಗಳಿರುವುದರಿಂದ ಅದು ಸೇರಿದ್ದು ಆ್ಯಂಬರ್ ಮನೆತನಕ್ಕೆ. ಮೊದಲ ಕ್ಷಣಕ್ಕೆ ಮೂಗಿಗೆ ಬಡಿಯುವುದನ್ನು ನೋಡಿ ಮನೆತನ ಹೇಳಲಾಗದು. ಅಡಿಯಲ್ಲಿ ಏನಿದೆ, ನಡುವೆ ಏನಿದೆ ಎಂದು ಕೇಳಬೇಕು.

ಫ್ರೆಂಚ್ ಸುಗಂಧಕಾರರ ಸಂಘದ ವರ್ಗೀಕರಣದಲ್ಲಿ ಏಳು ಮನೆತನಗಳಿವೆ: ನಿಂಬೆ ಜಾತಿ, ಹೂವು, ಫೂಜೇರ್, ಶೀಪ್ರ್, ಮರ, ಆ್ಯಂಬರ್, ಚರ್ಮ. ಮೈಕಲ್ ಎಡ್ವರ್ಡ್ಸ್ ರೂಪಿಸಿದ ಚಕ್ರದಲ್ಲಿ ದೊಡ್ಡ ಗುಂಪುಗಳು ನಾಲ್ಕೇ: ಹೂವು, ಆ್ಯಂಬರ್, ಮರ, ತಾಜಾ. ಅವು ಒಡೆದು 14 ಕವಲುಗಳಾಗುತ್ತವೆ. ಆ್ಯಂಬರ್ ಗುಂಪನ್ನು 2021ರವರೆಗೆ ಓರಿಯೆಂಟಲ್ ಎನ್ನುತ್ತಿದ್ದರು, ಹಳೆಯ ಕ್ಯಾಟಲಾಗುಗಳಲ್ಲಿ ಆ ಹೆಸರೇ ಸಿಗುತ್ತದೆ. ಹೊಸಬರಿಗೆ ಚಕ್ರ ಹೆಚ್ಚು ಅನುಕೂಲ. ಅಕ್ಕಪಕ್ಕದ ಕವಲುಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಒಂದೇ ಮಲ್ಲಿಗೆ, ನಾಲ್ಕು ಮನೆ

ಬದನೆಕಾಯಿ ಒಂದೇ ಆದರೂ ಹುಳಿಯಲ್ಲಿ ಅದರ ರುಚಿ ಬೇರೆ, ಎಣ್ಣೆಗಾಯಿಯಲ್ಲಿ ಬೇರೆ. ಮಲ್ಲಿಗೆಯದೂ ಇದೇ ಕಥೆ. ಮೈಸೂರು, ಉಡುಪಿ, ಹಡಗಲಿ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಪಡೆದ ನಾಡು ನಮ್ಮದು, ಹಾಗಾಗಿ ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು ಹೂವಿನ ಸ್ವಭಾವ ತಿಳಿದಿರಲಿ. ಮಲ್ಲಿಗೆಯನ್ನು ದ್ರಾವಕದಲ್ಲಿ ನೆನೆಸಿ, ಬಂದ ಮೇಣವನ್ನು ಆಲ್ಕೋಹಾಲಿನಿಂದ ತೊಳೆದು ತೆಗೆದ ಸಾರಕ್ಕೆ ಆಬ್ಸಲ್ಯೂಟ್ ಎಂದು ಹೆಸರು. ಇದು ತಮಿಳುನಾಡಿನಿಂದ ಹೇರಳವಾಗಿ ಬರುತ್ತದೆ. ಕನೌಜಿನವರು ಇದೇ ಹೂವನ್ನು ತಾಮ್ರದ ಡೇಗ್‌ನಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಾರೆ. ಹಣ್ಣಿನಂಥ ಬೆಂಜೈಲ್ ಅಸಿಟೇಟ್, ಹೂವಿನ ಲಘುತನ ಕೊಡುವ ಲಿನಲೂಲ್, ದ್ರಾಕ್ಷಿಯನ್ನು ನೆನಪಿಸುವ ಮೀಥೈಲ್ ಆಂಥ್ರನಿಲೇಟ್, ಇವುಗಳ ಜೊತೆ ಇಂಡೋಲ್ ಸೇರಿದಾಗ ಮಲ್ಲಿಗೆ ಮಲ್ಲಿಗೆಯಾಗುತ್ತದೆ. ಇಂಡೋಲ್ ಒಂದನ್ನೇ ಮೂಸಿದರೆ ನುಸಿಗುಳಿಗೆಯ ವಾಸನೆ. ಅದನ್ನು ಪೂರ್ತಿ ಬಿಟ್ಟರೆ ಹೂವು ಪ್ಲಾಸ್ಟಿಕ್ಕಿನದಾಗುತ್ತದೆ.

ಈಗ ಈ ಹೂವನ್ನು ಮನೆ ಮನೆಗೆ ಕರೆದೊಯ್ಯೋಣ.

*ತಾಜಾ ಮನೆ:* ಸುತ್ತ ಬರ್ಗಮಾಟ್, ನಿಂಬೆ, ಹೇರಳೆಕಾಯಿಯಂಥ ಸಿಪ್ಪೆಯ ಪರಿಮಳ. ಅಡಿಯಲ್ಲಿ ಹೆಚ್ಚೇನೂ ಭಾರವಿಲ್ಲ. ಮಲ್ಲಿಗೆ ಇಲ್ಲಿ ಮಿಂದು ಬಂದ ಬೆಳಗಿನಂತಿರುತ್ತದೆ. ಎಡ್ಮಂಡ್ ರೂಡ್ನಿಟ್ಸ್ಕಾ 1966ರಲ್ಲಿ 'ಓ ಸೋವಾಜ್'ನಲ್ಲಿ ಬಳಸಿದ ಹೆಡಿಯೋನ್ ಎಂಬ ದ್ರವ್ಯ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಮಲ್ಲಿಗೆ ಕುಲದ ಹೂವಿನ ಗಾಳಿಯಷ್ಟನ್ನೇ ತಂದು ಭಾರವನ್ನು ಬಿಟ್ಟುಬಿಡುತ್ತದೆ. ಈ ಮನೆಯ ದೌರ್ಬಲ್ಯ ಬಾಳಿಕೆ.

*ಶೀಪ್ರ್ ಮನೆ:* ಓಕ್‌ಮಾಸ್ ಮತ್ತು ಪಚೌಲಿಯ ನಡುವೆ ಸಿಕ್ಕಿದ ಮಲ್ಲಿಗೆ ಮೈ ಬಿಗಿ ಹಿಡಿದು ನಿಲ್ಲುತ್ತದೆ. ಸಿಹಿ ಕಡಿಮೆ, ಗತ್ತು ಹೆಚ್ಚು. ಎಲ್ಲರೂ ಮೊದಲ ಸಲಕ್ಕೇ ಮೆಚ್ಚುವ ಪರಿಮಳ ಇದಲ್ಲ, ಮೆಚ್ಚಿದವರು ಬಿಡುವುದೂ ಇಲ್ಲ.

*ಆ್ಯಂಬರ್ ಮನೆ:* ವೆನಿಲಾ, ಸಾಂಬ್ರಾಣಿ, ಲ್ಯಾಬ್ಡನಮ್. ಹೂವು ಬೆಚ್ಚಗಾಗಿ, ದಟ್ಟವಾಗಿ, ಮದುವೆಮನೆಯ ರಾತ್ರಿಗೆ ತಕ್ಕಂತಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಹಿತವಾಗಿರುವ ಇದು ಕಲಬುರಗಿಯ ಮೇ ತಿಂಗಳಲ್ಲಿ ತಲೆನೋವಾದೀತು, ಏಕೆಂದರೆ ಬಿಸಿಯಲ್ಲಿ ದ್ರವ್ಯಗಳು ಬೇಗ ಆವಿಯಾಗಿ ಸಿಹಿ ಉಕ್ಕುತ್ತದೆ.

*ಮರದ ಮನೆ:* ಶ್ರೀಗಂಧ, ಲಾವಂಚ, ದೇವದಾರು. ಗಂಧದ ಹಾಲಿನಂಥ ನುಣುಪು ಹೂವಿಗೆ ಆಸರೆಯಾಗುತ್ತದೆ. ಗೆರ್ಲಾನ್ 1989ರಲ್ಲಿ ತಂದ 'ಸಂಸಾರ' ಇದೇ ಹೂವು–ಗಂಧದ ಜೋಡಿಯ ಮೇಲೆ ನಿಂತದ್ದು. ಅದರ ಒಂದು ಕಾಲು ಮಾತ್ರ ಆ್ಯಂಬರ್ ಮನೆಯಲ್ಲಿದೆ.

ಹೂವು ಒಂದೇ, ಮುಡಿಯುವ ಹೊತ್ತು, ಕಾಲ, ಜನ ಬೇರೆ ಬೇರೆ. ಯಾವ ಮನೆ ಎಂದು ಗೊತ್ತುಮಾಡಿಕೊಳ್ಳದೆ 'ಒಳ್ಳೆಯ ಮಲ್ಲಿಗೆ ಪರ್ಫ್ಯೂಮ್ ಮಾಡಬೇಕು' ಎಂದು ಕೂತರೆ ನಾಲ್ಕೂ ಮನೆಯ ಸಾಮಾನು ಒಂದೇ ಬಾಟಲಿಗೆ ಬೀಳುತ್ತದೆ.

ಕೂರುವ ಮುನ್ನ

ಒಂದು ಸಾಲು ಬರೆಯಿರಿ. ಯಾರಿಗೆ, ಯಾವ ಹೊತ್ತಿಗೆ, ಎಷ್ಟು ಬೆಲೆಗೆ? 'ಆಫೀಸಿಗೆ ಹೋಗುವ ಹೆಂಗಸರಿಗೆ, ಸಂಜೆಯ ತನಕ ಉಳಿಯುವ, ಮಲ್ಲಿಗೆಯ ಹಿಂದೆ ಗಂಧ ಸುಳಿಯುವ ಪರಿಮಳ.' ಇಷ್ಟು ಬರೆದ ಕೂಡಲೇ ಮನೆತನ ಗೊತ್ತಾಯಿತು: ಮರ–ಹೂವು. ವೆನಿಲಾ ಡಬ್ಬಿ ಕಪಾಟಿಗೆ ವಾಪಸ್ಸು ಹೋಗಲಿ.

ಸಲಕರಣೆ ಹೆಚ್ಚೇನೂ ಬೇಡ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಗಾಜಿನ ಪುಟ್ಟ ಬಾಟಲಿಗಳು, ಡ್ರಾಪರ್, ಮೂಸಿ ನೋಡುವ ಕಾಗದದ ಪಟ್ಟಿಗಳು, ಒಂದು ನೋಟ್‌ಬುಕ್. ಹನಿ ಎಣಿಸುವುದಕ್ಕಿಂತ ತೂಗುವುದು ಮೇಲು. ಗಟ್ಟಿ ಎಣ್ಣೆಯ ಹನಿಯೂ ತೆಳು ಎಣ್ಣೆಯ ಹನಿಯೂ ಒಂದೇ ತೂಕವಿರುವುದಿಲ್ಲ. ಪ್ರತಿ ದ್ರವ್ಯವನ್ನೂ ಶೇ 10ಕ್ಕೆ ತೆಳು ಮಾಡಿಟ್ಟುಕೊಳ್ಳಿ: 1 ಗ್ರಾಂ ದ್ರವ್ಯಕ್ಕೆ 9 ಗ್ರಾಂ ಆಲ್ಕೋಹಾಲ್. ದುಡ್ಡೂ ಉಳಿಯುತ್ತದೆ, ಮೂಗೂ ದಣಿಯುವುದಿಲ್ಲ.

ಅದೇ ಮನೆತನದ ಎರಡು ಮೂರು ಹೆಸರಾಂತ ಪರ್ಫ್ಯೂಮ್‌ಗಳನ್ನು ಅಂಗಡಿಯಲ್ಲಿ ಪಟ್ಟಿಗೆ ಹಾಕಿಸಿಕೊಂಡು ಮನೆಗೆ ತನ್ನಿ. ನಕಲು ಮಾಡಲು ಅಲ್ಲ. ಮೊದಲ 15 ನಿಮಿಷ, ಒಂದು ಗಂಟೆ, ನಾಲ್ಕು ಗಂಟೆ, ಮರುದಿನ ಬೆಳಿಗ್ಗೆ ಹೀಗೆ ಮೂಸುತ್ತ ಬಂದರೆ ಮನೆತನದ ಅಸ್ಥಿಪಂಜರ ಮೂಗಿಗೆ ಪರಿಚಯವಾಗುತ್ತದೆ. ಪುಸ್ತಕ ಓದಿ ಬರುವ ಪರಿಚಯ ಅಲ್ಲ ಅದು.

ತಳದಿಂದ ಮೇಲಕ್ಕೆ

ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ರೂರ್ ಕಂಪನಿಯ ಸುಗಂಧ ಶಾಲೆಯನ್ನು 1946ರಲ್ಲಿ ಕಟ್ಟಿದ ಝಾನ್ ಕಾರ್ಲ್ ಒಂದು ಕ್ರಮ ಹಾಕಿಕೊಟ್ಟ. ಮೊದಲು ತಳ, ಆಮೇಲೆ ನಡು, ಕೊನೆಗೆ ಮೇಲ್ಭಾಗ. ತಡವಾಗಿ ಆರುವ ದ್ರವ್ಯಗಳೇ ಕೊನೆತನಕ ಉಳಿಯುವುದರಿಂದ ಅವುಗಳ ಸಂಬಂಧ ಮೊದಲು ಕುದುರಬೇಕು. ಎರಡೆರಡು ದ್ರವ್ಯಗಳನ್ನು 9:1ರಿಂದ 1:9ರ ತನಕ ಬೆರೆಸಿ ಹೋಲಿಸಿ ನೋಡುವುದು ಅವನ ಪದ್ಧತಿ.

ನಮ್ಮ ಮರದ ಮನೆಗೆ ಇದನ್ನು ಅನ್ವಯಿಸೋಣ. ಶೇ 10ರ ಗಂಧದೆಣ್ಣೆ ಮತ್ತು ಶೇ 10ರ ಲಾವಂಚದೆಣ್ಣೆ ತೆಗೆದುಕೊಂಡು ಐದು ಬಾಟಲಿ ಮಾಡಿ: 9:1, 7:3, 5:5, 3:7, 1:9. ಒಂದೊಂದಕ್ಕೂ ಒಂದು ಪಟ್ಟಿ. ಪಟ್ಟಿಯ ಒಣ ತುದಿಯಲ್ಲಿ ಪ್ರಮಾಣ ಮತ್ತು ಹೊತ್ತು ಬರೆದು, ಅದ್ದಿದ ತುದಿ ಮೇಜಿಗೆ ತಾಗದಂತೆ ಮಧ್ಯೆ ಬಗ್ಗಿಸಿ ಇಡಿ. 9:1ರಲ್ಲಿ ಲಾವಂಚ ಇದೆಯೆಂದೇ ಗೊತ್ತಾಗುವುದಿಲ್ಲ, ಗಂಧ ಮಾತ್ರ ಒಂದಿಷ್ಟು ಒಣಗಿದಂತೆ, ನೆಟ್ಟಗಾದಂತೆ ಅನ್ನಿಸುತ್ತದೆ. 7:3ಕ್ಕೆ ಬಂದರೆ ಬೇರಿನ ಮಣ್ಣುವಾಸನೆ ತಲೆ ಎತ್ತುತ್ತದೆ. 5:5ರಲ್ಲಿ ಗಂಧ ಹಿಂದೆ ಸರಿದು ಲಾವಂಚದ ಬೀಸಣಿಗೆ ಮುಂದೆ ಬರುತ್ತದೆ. ಬೇಸಗೆಯ ಗಂಡಸರ ಪರ್ಫ್ಯೂಮ್‌ಗೆ ಅದು ಸೊಗಸು, ನಮ್ಮ ಮಲ್ಲಿಗೆಗೆ ಅದು ಜಾಗ ಬಿಡುವುದಿಲ್ಲ. ಹಾಗಾಗಿ 9:1ರ ಆಸುಪಾಸನ್ನೇ ಹಿಡಿಯುವುದು. ಬೇರೆ ನಾಲ್ಕು ಬಾಟಲಿಗಳ ಟಿಪ್ಪಣಿಯನ್ನೂ ಬರೆದಿಡಿ, ಮುಂದಿನ ಪರ್ಫ್ಯೂಮ್‌ಗೆ ಅದೇ ಬಂಡವಾಳ.

ಹೀಗೆ ಗೆದ್ದ ತಳಕ್ಕೆ ಮಲ್ಲಿಗೆಯ ಕೂಟವನ್ನು ಇದೇ ಪ್ರಮಾಣಗಳಲ್ಲಿ ಬೆರೆಸಿ ನೋಡುವುದು, ಅದರಲ್ಲಿ ಗೆದ್ದದ್ದಕ್ಕೆ ಬರ್ಗಮಾಟ್ ಸೇರಿಸುವುದು.

ಅಭ್ಯಾಸಕ್ಕೊಂದು ಪಟ್ಟಿ

ಮರ–ಹೂವಿನ ಮಲ್ಲಿಗೆಗೆ ಶುರುಮಾಡಲು 100 ಭಾಗದ ಒಂದು ಪಟ್ಟಿ ಇಲ್ಲಿದೆ:

- ಬರ್ಗಾಪ್ಟೀನ್ ತೆಗೆದ ಬರ್ಗಮಾಟ್: 10
- ಏಲಕ್ಕಿ ಎಣ್ಣೆ: 1
- ಲಿನಲೂಲ್: 8
- ಬೆಂಜೈಲ್ ಅಸಿಟೇಟ್: 12
- ಹೆಡಿಯೋನ್: 26
- ಮಲ್ಲಿಗೆ ಆಬ್ಸಲ್ಯೂಟ್: 2
- ಇಂಡೋಲ್, ಶೇ 10: 1
- ಐಸೋ ಇ ಸೂಪರ್ (ಮರದ ವಾಸನೆಯ ಕೃತಕ ದ್ರವ್ಯ): 20
- ಗಂಧದೆಣ್ಣೆ: 15
- ಲಾವಂಚದೆಣ್ಣೆ: 2
- ಪಚೌಲಿ: 1
- ಲ್ಯಾಬ್ಡನಮ್, ಶೇ 10: 2

ಒಂದು ಭಾಗಕ್ಕೆ 0.1 ಗ್ರಾಂ ಎಂದಿಟ್ಟುಕೊಂಡರೆ ಒಟ್ಟು 10 ಗ್ರಾಂ ಆಗುತ್ತದೆ. ಅದಕ್ಕೆ ಸುಮಾರು 57 ಗ್ರಾಂ ಪರ್ಫ್ಯೂಮರಿ ಆಲ್ಕೋಹಾಲ್ ಸೇರಿಸಿದರೆ ಶೇ 15ರ ಓ ದ ಪರ್ಫಮ್. ತಂಪಾದ ಕತ್ತಲ ಜಾಗದಲ್ಲಿ ಎರಡರಿಂದ ನಾಲ್ಕು ವಾರ ಕೂರಲಿ. ಆಮೇಲೆ ಫ್ರಿಜ್ಜಿನಲ್ಲಿಟ್ಟು, ತಳಕ್ಕೆ ಮಡ್ಡಿ ಕಂಡರೆ ಸೋಸಿ. ಬೆರೆಸಿದ ದಿನವೇ ತೀರ್ಪು ಕೊಡಬೇಡಿ, ಆಲ್ಕೋಹಾಲಿನ ಘಾಟು ಇಳಿಯುವ ತನಕ ಗಂಧ ಮೇಲೆ ಬರುವುದಿಲ್ಲ.

ಗಂಧದೆಣ್ಣೆಯ ಬಗ್ಗೆ ಒಂದು ಮಾತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಹೋಗುವ ಗಂಧದ ಮರ ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಶುರುಮಾಡಿತು. ಮೈಸೂರು ಗಂಧದೆಣ್ಣೆಯ ಹೆಸರು ಅಲ್ಲಿಂದ ಬೆಳೆಯಿತು. ಇವತ್ತು ಅದು ದುಬಾರಿ, ಕಲಬೆರಕೆಯ ಕಾಟವೂ ಉಂಟು. ಕೊಳ್ಳುವಾಗ ಲ್ಯಾಬ್ ವರದಿ ಕೇಳಿ: ಭಾರತೀಯ ಶ್ರೀಗಂಧದ ಎಣ್ಣೆಗೆ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಬೆಲೆ ಎಟುಕದಿದ್ದರೆ 15 ಭಾಗದಲ್ಲಿ 10 ಭಾಗವನ್ನು ಸ್ಯಾಂಡಲೋರ್‌ನಂಥ ಕೃತಕ ದ್ರವ್ಯಕ್ಕೆ ಬಿಟ್ಟು, ಉಳಿದ 5 ಭಾಗಕ್ಕೆ ಅಸಲಿ ಎಣ್ಣೆ ಹಾಕಬಹುದು. ದೊಡ್ಡ ಕಂಪನಿಗಳೂ ಅಸಲಿಯನ್ನೂ ಕೃತಕವನ್ನೂ ಹೀಗೆ ಬೆರೆಸುತ್ತವೆ.

ಕೆಟ್ಟರೆ ಎಲ್ಲಿ ತಿದ್ದಬೇಕು?

ಮನೆತನ ಗೊತ್ತಿದ್ದರೆ ತಪ್ಪು ಹುಡುಕುವುದೂ ಸುಲಭ.

*ಹೂವು ಕಾಣುತ್ತಿಲ್ಲ:* ಮಲ್ಲಿಗೆ ಸುರಿಯುವ ಮುಂಚೆ ಲಾವಂಚ ಮತ್ತು ಪಚೌಲಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ಸಾಮಾನ್ಯವಾಗಿ ಮರವೇ ಹೂವಿನ ದಾರಿ ತಡೆದಿರುತ್ತದೆ.

*ಅರ್ಧ ಗಂಟೆಗೇ ಮಾಯ:* ಬರ್ಗಮಾಟ್, ಲಿನಲೂಲ್ ಹೆಚ್ಚಾಗಿ ಪರಿಮಳ ತಾಜಾ ಮನೆಗೆ ಜಾರಿದೆ. ಅವನ್ನು ತಗ್ಗಿಸಿ ತಳ ಏರಿಸಿ.

*ಸಿಹಿ ಮುಖಕ್ಕೆ ಹೊಡೆಯುತ್ತಿದೆ:* ಆ್ಯಂಬರ್ ಮನೆಗೆ ಕಾಲಿಟ್ಟಿದ್ದೀರಿ. ಲ್ಯಾಬ್ಡನಮ್ ಪೂರ್ತಿ ತೆಗೆದು ಮತ್ತೆ ಬೆರೆಸಿ.

*ನುಸಿಗುಳಿಗೆ ವಾಸನೆ:* ಇಂಡೋಲ್ ಅರ್ಧ ಮಾಡಿ, ಹೆಡಿಯೋನ್ ಎರಡು ಭಾಗ ಏರಿಸಿ.

ಎರಡು ತಿದ್ದುಪಡಿ ಹೇಳಿದ ಕಡೆಯೂ ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಹೇಳಲಾಗದು. ಪಟ್ಟಿಯ ಮೇಲೆ ಗೆದ್ದದ್ದನ್ನು ತೆಳು ಮಾಡಿ ಮೈಮೇಲೆ, ಹತ್ತಿಬಟ್ಟೆಯ ಮೇಲೆ ಎರಡೂ ಕಡೆ ನೋಡಿ. ಮಂಗಳೂರಿನ ಸೆಕೆಗೂ ಧಾರವಾಡದ ಗಾಳಿಗೂ ಒಂದೇ ಬಾಟಲಿ ಮಾರುವವರು ಎರಡು ಊರಿನ ಗೆಳೆಯರಿಗೆ ಕೊಟ್ಟು ಅಭಿಪ್ರಾಯ ಕೇಳುವುದು ಒಳ್ಳೆಯದು.

ಮೈಗೆ ಹಚ್ಚುವ ವಸ್ತು, ನೆನಪಿರಲಿ

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವಲ್ಲ. ಬರ್ಗಮಾಟಿನ ಬರ್ಗಾಪ್ಟೀನ್ ಬಿಸಿಲಿಗೆ ಚರ್ಮ ಸುಡುತ್ತದೆ, ಅದಕ್ಕೇ ಅದನ್ನು ತೆಗೆದದ್ದನ್ನು ಬಳಸಲು ಹೇಳಿದ್ದು. ಶೀಪ್ರ್ ಮಾಡುವವರು ಓಕ್‌ಮಾಸ್‌ನಲ್ಲಿರುವ ಆಟ್ರನಾಲ್ ಬಗ್ಗೆ ಎಚ್ಚರ ವಹಿಸಬೇಕು. ಅಲರ್ಜಿಯ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿದೆ. ಆಟ್ರನಾಲ್ ತಗ್ಗಿಸಿದ ಓಕ್‌ಮಾಸ್ ಅಥವಾ ಎವರ್ನಿಲ್ ಎಂಬ ದ್ರವ್ಯ ಬಳಸಬಹುದು. ಮಲ್ಲಿಗೆ ಆಬ್ಸಲ್ಯೂಟ್‌ಗೂ ಇಫ್ರಾ ಎಂಬ ಅಂತಾರಾಷ್ಟ್ರೀಯ ಸಂಘ ಮಿತಿ ಹಾಕಿದೆ. ಪ್ರತಿ ದ್ರವ್ಯದ ಜೊತೆ ಇಫ್ರಾ ಪ್ರಮಾಣಪತ್ರ ಕೇಳಿ ಪಡೆದು, ತೆಳು ಮಾಡಿದ ನಂತರದ ಪ್ರಮಾಣ ಮಿತಿಯೊಳಗಿದೆಯೇ ಎಂದು ಲೆಕ್ಕ ಹಾಕಿ.

ಸ್ಯಾನಿಟೈಸರ್, ಮೆಡಿಕಲ್ ಸ್ಪಿರಿಟ್ ಬಳಸಬೇಡಿ. ಪರ್ಫ್ಯೂಮರಿ ಆಲ್ಕೋಹಾಲನ್ನು ಲೈಸೆನ್ಸ್ ಇರುವವರಿಂದಲೇ ಕೊಳ್ಳಿ, ಬೆಂಕಿಯಿಂದ ದೂರವಿಡಿ. ನಿಮ್ಮ ಖುಷಿಗೆ ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ. ಕಾನೂನಿನ ಪ್ರಕಾರ ಪರ್ಫ್ಯೂಮ್ ಕಾಸ್ಮೆಟಿಕ್. 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಮಾರಾಟಕ್ಕೆ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಪರವಾನಗಿ ಬೇಕು. ಆರಂಭದಲ್ಲಿ ಪರವಾನಗಿ ಇರುವ ತಯಾರಕರ ಬಳಿ ನಿಮ್ಮ ಪಟ್ಟಿ ಕೊಟ್ಟು ಮಾಡಿಸುವುದು ಹಗುರವಾದ ದಾರಿ.

ಮನೆಯಿಂದ ಒಂದು ಹೆಜ್ಜೆ ಹೊರಗೆ

ಮನೆತನದ ನಿಯಮ ಪಾಲಿಸಿದರೆ ತಪ್ಪಿಲ್ಲದ ಪರ್ಫ್ಯೂಮ್ ಸಿಗುತ್ತದೆ. ನೆನಪಿನಲ್ಲಿ ಉಳಿಯುವಂಥದ್ದಕ್ಕೆ ಇನ್ನೊಂದು ಹೆಜ್ಜೆ ಬೇಕು, ಒಂದೇ ಒಂದು. ಝಾಕ್ ಗೆರ್ಲಾನ್ 1919ರ 'ಮಿತ್ಸುಕೊ'ದಲ್ಲಿ ಶೀಪ್ರ್ ಅಸ್ಥಿಪಂಜರವನ್ನು ಹಾಗೇ ಉಳಿಸಿಕೊಂಡು ಪೀಚ್ ಹಣ್ಣಿನ ವಾಸನೆಯ ದ್ರವ್ಯವೊಂದನ್ನು ಸೇರಿಸಿದ. 1992ರ 'ಏಂಜೆಲ್'ನಲ್ಲಿ ಒಲಿವಿಯೆ ಕ್ರೆಸ್ಪ್ ಧಾರಾಳ ಪಚೌಲಿಗೆ ಸಕ್ಕರೆಪಾಕದ ಎಥೈಲ್ ಮಾಲ್ಟಾಲ್ ಜೋಡಿಸಿದ. ತಿಂಡಿಯ ಪರಿಮಳಗಳ ಹೊಸ ಕವಲೇ, ಗೂರ್ಮಾಂಡ್, ಅದರ ಬೆನ್ನಿಗೆ ಬೆಳೆಯಿತು. ಇಬ್ಬರೂ ಹಳೆಯ ಮನೆಯ ಕಂಬ ಕೀಳಲಿಲ್ಲ.

ನಮ್ಮ ಪಟ್ಟಿಯಲ್ಲಿ ಆ ಹೆಜ್ಜೆಗೆ ಏಲಕ್ಕಿಯ ಜಾಗ ಮೀಸಲು. ಅಲ್ಲಿ ದವನದ ಎಣ್ಣೆ ಅರ್ಧ ಭಾಗ ಹಾಕಿ ನೋಡಿ. ನಮ್ಮ ಹೊಲಗಳಲ್ಲೇ ಬೆಳೆಯುವ ದವನಕ್ಕೆ ಒಣಹಣ್ಣಿನ ಮಾಗಿದ ವಾಸನೆಯಿದೆ, ಅದು ಮೈಯಿಂದ ಮೈಗೆ ಬದಲಾಗುತ್ತದೆ ಎಂಬ ಖ್ಯಾತಿಯೂ ಇದೆ. ಇನ್ನೊಂದು ಬಾಟಲಿಗೆ ಸಂಪಿಗೆ, ಮತ್ತೊಂದಕ್ಕೆ ಜಾಯಿಕಾಯಿ. ಉಳಿದ 99 ಭಾಗ ಮುಟ್ಟಬೇಡಿ. ಮೂರು ಬಾಟಲಿಯನ್ನೂ ಹೆಸರು ಬರೆಯದೆ ಹತ್ತು ಜನಕ್ಕೆ ಮೂಸಲು ಕೊಟ್ಟು, ಯಾವುದನ್ನು ಎರಡನೇ ಸಲ ಕೇಳಿ ತೆಗೆದುಕೊಂಡರು ಎಂದು ಗಮನಿಸಿ. ನಿಮ್ಮ ಪರ್ಫ್ಯೂಮ್ ಅದೇ.